ಕೊಡದೆ ಉಳಿದ ಅರ್ಜಿ

ಮೊಮ್ಮಕ್ಕಳೇ, ಹೋದ ವಾರ ನಿಮ್ಮಲ್ಲಿ ದೊಡ್ಡವಳು ಶಾಲೆಗೆಂದು ಅಜ್ಜನ ಮೇಲೆ ಹಿಂದಿಯಲ್ಲಿ ಒಂದು ಪ್ರಬಂಧ ಬರೆದು, ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದಳು. ಅಜ್ಜ ಮೂವತ್ತು ವರ್ಷ ದುಡಿದ ಆಫೀಸೇ ಅವರ ಔಷಧಿಯನ್ನು ತಡೆದಿಟ್ಟುಕೊಂಡಿತು, ಅದರಿಂದಲೇ ಅವರು ಹೋದರು ಎಂದು ಅದರಲ್ಲಿತ್ತು. ನಿಮ್ಮ ಅಪ್ಪ ಕಲಸಿದ ಅನ್ನ ಹಾಗೇ ಬಿಟ್ಟು ಕೇಳಿದ. "ಸಹೀ ಲಿಖಾ ಹೈ, ಪುಟ್ಟಿ" ಎಂದ, ಸರಿಯಾಗಿಯೇ ಬರೆದಿದ್ದೀ ಎಂದು. ನಾನು ಸಾರು ಬಡಿಸುತ್ತಿದ್ದೆ. ಅದು ನಿಜವಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅವನಿಗೆ ಇನ್ನೊಂದು ಸೌಟು ಸಾರು ಹಾಕಿದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಹಾಸನದ ಕಡೆಯ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಇನ್‌ಸ್ಪೆಕ್ಟರು ಬಂದು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುತ್ತಿತ್ತು, ಬಾಯಿ ಏಳುತ್ತಿರಲಿಲ್ಲ. ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ. ನೀವು ಕನ್ನಡವನ್ನು ತಡವರಿಸಿಕೊಂಡು ಓದುತ್ತೀರಿ, ಇದನ್ನು ಮುಗಿಸಲು ನಿಮಗೆ ಬಹಳ ದಿನ ಹಿಡಿಯುತ್ತದೆ. ಅದು ನನಗೆ ಸ್ವಲ್ಪ ಧೈರ್ಯ ಕೊಟ್ಟಿದೆ.

ನಿಮ್ಮ ಅಜ್ಜ ದೆಹಲಿಯ ವಿಮಾನ ನಿಲ್ದಾಣದ ಪಕ್ಕದ ಸರಕು ಕಟ್ಟಡದಲ್ಲಿ ಕಸ್ಟಮ್ಸ್ ಗುಮಾಸ್ತರಾಗಿದ್ದರು. ಹೊರದೇಶದ ಮಾಲು ಅಲ್ಲಿಗೆ ಬಂದರೆ ಎಲ್ಲ ಕಾಗದವೂ ಸರಿಯಾದ ಮೇಲೆಯೇ ಹೊರಗೆ ಹೋಗಬೇಕು. ಆದರೆ ಕೆಲವಕ್ಕೆ ಕಾಯುವಷ್ಟು ಆಯುಸ್ಸು ಇರುವುದಿಲ್ಲ. ಅಂಥವನ್ನು, ಉಳಿದ ಕಾಗದವನ್ನು ಇಷ್ಟು ದಿನದೊಳಗೆ ತಂದುಕೊಡುತ್ತೇನೆ ಎಂದು ಬಾಂಡ್ ಬರೆಸಿಕೊಂಡು ಮೊದಲೇ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಮಾಲಿನ ರಿಜಿಸ್ಟರು ಅಜ್ಜನ ಮೇಜಿನ ಮೇಲಿತ್ತು. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದಾಗ ಒಂದು ಸಂಜೆ ಬಂದು, ಕಾಲು ತೊಳೆಯುವ ಮೊದಲೇ ಹೇಳಿದರು.

"ಇವತ್ತು ಏನು ಬಂದಿತ್ತು ಗೊತ್ತಾ? ಕೋಳಿಮರಿ. ಹುಟ್ಟಿ ಒಂದೇ ದಿನ ಆಗಿರೋವು. ಪೆಟ್ಟಿಗೆ ಪೆಟ್ಟಿಗೆ ತುಂಬ ಚಿಂವ್ ಚಿಂವ್."

"ನಮ್ಮೂರಲ್ಲಿ ಕೋಳಿ ಇಲ್ವಾ, ವಿಮಾನದಲ್ಲಿ ತರಿಸೋಕೆ?"

"ಅದನ್ನ ತರಿಸಿದವನನ್ನ ಕೇಳು. ಒಂದು ಕಾಗದ ಬಂದಿರಲಿಲ್ಲ. ಕಾಗದ ಬರೋವರೆಗೆ ಮರಿ ಬದುಕಿರ್ತಾವಾ? ಬಾಂಡ್ ಬರೆಸಿ ಕಳಿಸಿದೆವು."

"ಅವನು ಆಮೇಲೆ ಕಾಗದ ಕೊಡದೇ ಹೋದ್ರೆ?"

"ಮತ್ತೆ ನಾನು ಯಾಕಿರೋದು? ಕೊಡೋವರೆಗೆ ಅವನ ಪ್ರಾಣ ತಿಂತೀನಿ."

ಅವರು ಹೆಮ್ಮೆಪಟ್ಟು ನಕ್ಕದ್ದನ್ನು ನಾನು ನೋಡಿದ್ದು ಆ ಕೆಲಸದ ಮಾತು ಬಂದಾಗ ಮಾತ್ರ. ಆಫೀಸಿನಲ್ಲಿ ಯಾರಿಗೂ ತಮ್ಮ ಹೆಸರು ಹೇಳಿ ಕೆಲಸ ಮಾಡಿಸಿಕೊಳ್ಳಲು ಬಿಡುತ್ತಿರಲಿಲ್ಲ. ನನ್ನ ತಮ್ಮನೊಬ್ಬ ಒಮ್ಮೆ ಹಾಗೆ ಮಾಡಿದ್ದಕ್ಕೆ ಎರಡು ವರ್ಷ ಅವನ ಜೊತೆ ಮಾತು ಬಿಟ್ಟಿದ್ದರು.

ನಿವೃತ್ತರಾದ ಮೇಲೆ ಘಾಜಿಯಾಬಾದಿಗೆ ಬಂದೆವು. ನಿಮ್ಮ ಅಪ್ಪ ಆಗ ತಾನೇ ಗುರುಗ್ರಾಮದಲ್ಲಿ ಕೆಲಸಕ್ಕೆ ಸೇರಿದ್ದ, ಅವನಿಗಿನ್ನೂ ಮದುವೆಯಾಗಿರಲಿಲ್ಲ. ವರ್ಷ ತುಂಬುವುದರೊಳಗೆ ಅಜ್ಜನಿಗೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯ ಡಾಕ್ಟರು ಒಂದು ಇಂಜೆಕ್ಷನ್ನಿನ ಹೆಸರು ಬರೆದುಕೊಟ್ಟರು. ಅದು ಇಲ್ಲಿ ಸಿಗುವುದಿಲ್ಲ, ಹೊರಗಿನಿಂದ ತರಿಸಬೇಕು, ಬೇಗ ಕೊಟ್ಟರೆ ಉಪಯೋಗವಾಗಬಹುದು ಎಂದರು. ತರಿಸಿದೆವು. ಒಂದು ಮಂಗಳವಾರ ಔಷಧಿಯ ಪೆಟ್ಟಿಗೆ ಐಸಿನ ಜೊತೆ ಬಂದಿಳಿಯಿತು, ಅಜ್ಜನ ಆ ಕಟ್ಟಡಕ್ಕೇ. ಆದರೆ ಔಷಧಿ ಇಲಾಖೆಯ ಅನುಮತಿ ಪತ್ರ ಬಂದಿರಲಿಲ್ಲ. ಸಹಿ ಆಗಬೇಕು, ಇವತ್ತು ನಾಳೆ ಎನ್ನುತ್ತಿದ್ದರು.

ಅಜ್ಜನಿಗೆ ಗಾಬರಿಯೇನೂ ಆಗಲಿಲ್ಲ. ದಿಂಬಿಗೆ ಒರಗಿ ಕೂತು, ತೊಡೆಯ ಮೇಲೆ ಮಣೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಅರ್ಜಿ ಬರೆದರು. ಕೈ ನಡುಗಿ ಮೂರು ಹಾಳೆ ಕೆಟ್ಟವು. ನಾಲ್ಕನೆಯದು ಸರಿಯಾಯಿತು. ಜೊತೆಗೆ ಅದರ ಒಂದು ನಕಲು, ಬಾಂಡ್ ಕಾಗದ ಇಟ್ಟರು.

"ನೋಡು, ಇದರಲ್ಲಿ ಎರಡು ಕೇಳಿದೀನಿ. ಒಂದು, ಅನುಮತಿ ಪತ್ರ ಆಮೇಲೆ ಕೊಡ್ತೀನಿ, ಔಷಧಿ ಈಗ ಬಿಡಿ ಅಂತ. ಎರಡು, ಬಿಡೋವರೆಗೆ ಪೆಟ್ಟಿಗೇನ ತಣ್ಣಗಿನ ಕೋಣೇಲಿ ಇಡಿ ಅಂತ. ಅದರೊಳಗಿನ ಐಸು ಐದು ದಿನಕ್ಕೆ ಅಷ್ಟೇ. ಕಿಟಕೀಲಿ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸ್ಕೊಂಡು ಬಾ. ನನ್ನ ಹೆಂಡತಿ ಅಂತ ಹೇಳ್ಬೇಡ. ಬೇರೆಯವರ ಥರಾನೇ ಸಾಲಲ್ಲಿ ನಿಲ್ಲು."

ಮಗ, ಅಂದರೆ ನಿಮ್ಮ ಅಪ್ಪ, ಅನುಮತಿ ಪತ್ರಕ್ಕೆಂದು ಇನ್ನೊಂದು ಆಫೀಸಿನಲ್ಲಿ ಕಾಯಬೇಕಾಗಿತ್ತು. ಹಾಗಾಗಿ ಬುಧವಾರ ನಾನು ಹೊರಟೆ. ನಮ್ಮ ಕಡೆಗೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಎರಡು ಬಸ್ಸು, ಒಂದು ಆಟೊ. ಕಟ್ಟಡದ ಒಳಗೆ ಗಂಡಸರೇ ತುಂಬಿದ್ದರು, ಎಲ್ಲರ ಕೈಯಲ್ಲೂ ಫೈಲು. ನಾನು ಸೆರಗು ಹೊದ್ದು ಸಾಲಿನಲ್ಲಿ ನಿಂತೆ. ಹಿಂದಿನಿಂದ ಬಂದ ನಾಲ್ಕೈದು ಜನ ನನ್ನ ಮುಂದೆ ಹೋದರು. ಕೊನೆಗೆ ಕಿಟಕಿಯ ಅಧಿಕಾರಿ ತಲೆ ಎತ್ತಿದ.

"ಹಾಂ ಮಾತಾಜಿ, ಕಾಗಜ್ ಪೂರೇ ಹೈಂ?"

ಕಾಗದವೆಲ್ಲ ಇದೆಯೇ ಎಂದು ಕೇಳಿದ್ದ. ಒಂದು ಇರಲಿಲ್ಲ. ನಾನು ನಿಜ ಹೇಳಿದೆ.

"ನಹೀಂ."

"ತೋ ಪೂರೇ ಕರ್‌ಕೇ ಆನಾ. ಚಲೋ, ಅಗಲಾ."

ಎಲ್ಲ ಆದ ಮೇಲೆ ಬಾ ಎಂದ, ಮುಂದಿನವನನ್ನು ಕರೆದ. ಅವನು ಗದರಲಿಲ್ಲ. ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕೆ ಅವನು ಬೇರೇನು ಹೇಳಲು ಸಾಧ್ಯವಿತ್ತು? ಕಾಗದ ಇಲ್ಲದ್ದಕ್ಕೇ ಅರ್ಜಿ ತಂದಿದ್ದೇನೆ ಎಂದು ಒಂದು ಮಾತು ಹೇಳಬೇಕಿತ್ತು. ಹೇಳುವುದೂ ಬೇಡ, ಚೀಲದಿಂದ ತೆಗೆದು ಮುಂದಿಟ್ಟಿದ್ದರೆ ಸಾಕಿತ್ತು. ನನ್ನ ಕೈ ಚೀಲದೊಳಗೇ ಇತ್ತು, ಕಾಗದ ಬೆರಳಿಗೆ ತಾಗುತ್ತಿತ್ತು. ಹಿಂದಿನವನು "ಹಟೋ ಮಾತಾಜಿ" ಎಂದ. ಪಕ್ಕಕ್ಕೆ ಸರಿದೆ. ಗೋಡೆಯ ಬೆಂಚಿನ ಮೇಲೆ ಕೂತು, ಸಾಲು ಕಡಿಮೆಯಾಗಲಿ ಎಂದು ಕಾದೆ. ಅದು ಕಡಿಮೆಯಾಗಲಿಲ್ಲ. ಕಿಟಕಿ ಮುಚ್ಚಿದಾಗ ಎದ್ದು ಬಂದೆ.

ಮನೆಗೆ ಬಂದಾಗ ಅಜ್ಜ ಬಾಗಿಲನ್ನೇ ನೋಡುತ್ತಿದ್ದರು.

"ಕೊಟ್ಟೆಯಾ?"

"ಕೊಟ್ಟೆ" ಎಂದೆ.

"ನಕಲು?"

"ನಾಳೆ ಮೊಹರು ಹಾಕ್ತಾರಂತೆ."

ಯಾಕೆ ಹಾಗೆ ಹೇಳಿದೆ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ಅಷ್ಟು ಕಷ್ಟಪಟ್ಟು ಬರೆದ ಹಾಳೆಯನ್ನು ಹಾಗೇ ವಾಪಸು ತಂದೆ ಎನ್ನಲು ನಾಚಿಕೆಯಾಯಿತು. ಮರುದಿನ ಹೋಗಿ ಕೊಟ್ಟುಬಿಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂದುಕೊಂಡೆ. ಮರುದಿನ ಅವರಿಗೆ ಜ್ವರ ಏರಿತು, ಬಿಟ್ಟು ಹೋಗಲಾಗಲಿಲ್ಲ. ಶುಕ್ರವಾರ ಮೊಹರು ಹಾಕಿಸಿಕೊಂಡು ಬರುತ್ತೇನೆಂದು ಹೇಳಿ ಹೋದೆ. ಗಾಜಿನಾಚೆ ಅದೇ ಅಧಿಕಾರಿ ಕೂತಿದ್ದ. ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ ಇದ್ದರು. ತಿರುಗಿ ಹೊರಗೆ ನಡೆದೆ. ಎಲ್ಲರೂ ನನ್ನನ್ನೇ ನೋಡಿದರು ಎನ್ನಿಸಿತು. ಈಗ ಗೊತ್ತಿದೆ, ಯಾರೂ ನೋಡಿರಲಿಲ್ಲ. ಮನೆಗೆ ಬಂದು ನಕಲು ಅವರ ಹತ್ತಿರವೇ ಉಳಿಯಿತು ಎಂದೆ.

ಮಗನಿಗೆ ಹೇಳಿದ್ದರೆ ಆ ಸಂಜೆಯೇ ಅವನು ಹೋಗುತ್ತಿದ್ದ. ಹೇಳಿದರೆ ನನ್ನ ಸುಳ್ಳು ಹೊರಗೆ ಬರುತ್ತಿತ್ತು. ಅವನು "ಅಪ್ಪಾ, ಒಂದು ಫೋನ್ ಮಾಡಿ. ನಿಮ್ಮ ಕೈಕೆಳಗೆ ಕೆಲಸ ಮಾಡಿದವರೇ ಇದ್ದಾರಲ್ಲ" ಎಂದು ಬೇಡಿಕೊಂಡ. ಫೋನ್ ಮಾಡಿದರೆ ಸಿಕ್ಕಿಬೀಳುತ್ತೇನೆ ಎಂದು ಹೆದರಿದೆ, ಮಾಡಲಿ ಎಂದೂ ಆಸೆಪಟ್ಟೆ.

"ಅರ್ಜಿ ಅವರ ಮೇಜಿನ ಮೇಲಿದೆ. ಈಗ ಫೋನ್ ಮಾಡಿದರೆ ಒತ್ತಡ ಹಾಕಿದ ಹಾಗೆ. ನಾನು ಯಾರಿಗೂ ಮಾಡೋಕೆ ಬಿಟ್ಟಿಲ್ಲ, ನಾನು ಮಾಡಲಾ?" ಎಂದರು ಅಜ್ಜ.

ದಿನ ಕಳೆದಂತೆ ಅವರ ಮಾತು ಬದಲಾಯಿತು. ಮೊದಮೊದಲು, ಕೆಲಸ ಜಾಸ್ತಿ ಇರಬೇಕು, ಪಾಪ, ಎನ್ನುತ್ತಿದ್ದರು. ಪೆಟ್ಟಿಗೆ ಬಂದ ಐದನೆಯ ದಿನ ಗೋಡೆಯ ಕಡೆ ಮುಖ ಮಾಡಿಕೊಂಡು, "ಕೋಳಿಮರೀನೇ ಬಿಟ್ಟಿದ್ದೆವಲ್ಲೇ ನಾವು" ಎಂದರು. ಅಷ್ಟೇ. ಆಮೇಲೆ ಆಫೀಸಿನ ಸುದ್ದಿ ಎತ್ತಲಿಲ್ಲ. ನಾನು ಅವರ ಕಾಲೊತ್ತುತ್ತಾ ಕೂತಿದ್ದೆ. ಕೊಟ್ಟಿಲ್ಲ ಕಣ್ರೀ, ಚೀಲದಲ್ಲೇ ಇದೆ ಎನ್ನಬೇಕಿತ್ತು. ಇನ್ನೊಂದು ಕಾಲು ಒತ್ತತೊಡಗಿದೆ.

ಒಂಬತ್ತನೆಯ ದಿನ ಅನುಮತಿ ಪತ್ರ ಬಂತು. ಮಗ ಓಡಿಹೋಗಿ ಪೆಟ್ಟಿಗೆ ಬಿಡಿಸಿಕೊಂಡು ನೇರವಾಗಿ ಆಸ್ಪತ್ರೆಗೆ ಒಯ್ದ. ಐಸು ಕರಗಿ ಒಳಗೆ ನೀರು ನಿಂತಿತ್ತು. ಇದನ್ನು ಕೊಡಲಾಗುವುದಿಲ್ಲ, ಹೊಸದು ತರಿಸಿ ಎಂದರು ಡಾಕ್ಟರು. ತರಿಸಲು ಬರೆದೆವು. ಅದು ಬರುವ ಮೊದಲೇ ಅಜ್ಜ ಹೋದರು. ಔಷಧಿ ಸರಿಯಾದ ಹೊತ್ತಿಗೆ ಸಿಕ್ಕಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರೂ ಖಂಡಿತವಾಗಿ ಹೇಳಲಿಲ್ಲ. ಆದರೆ ತಮ್ಮ ಆಫೀಸು ತಮ್ಮನ್ನು ಕೈಬಿಟ್ಟಿತು ಎಂದು ನಂಬಿಕೊಂಡು ಹೋದರಲ್ಲ, ಅದು ನಾನು ಖಂಡಿತವಾಗಿ ಕೊಟ್ಟದ್ದು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಆಫೀಸಿನಿಂದ ಒಬ್ಬರು ಬಂದರು. ಅಜ್ಜನ ಪಕ್ಕದ ಮೇಜಿನಲ್ಲಿ ಹತ್ತು ವರ್ಷ ಕೂತವರು, ಧಾರವಾಡದ ಕಡೆಯವರು. ಅವರು ಚಪ್ಪಲಿ ಬಿಡುತ್ತಿದ್ದಾಗಲೇ ಮಗ ಬಾಗಿಲಿಗೆ ಅಡ್ಡ ನಿಂತ.

"ಈಗ್ಯಾಕೆ ಬಂದ್ರಿ? ಅರ್ಜಿ ಕೊಟ್ಟಾಗ ಎಲ್ಲಿದ್ರಿ?"

"ತಮ್ಮಾ, ನನಗ ವಿಷಯ ತಿಳಿದದ್ದೇ ಮೊನ್ನೆ. ತಿಳಿದ ಕೂಡಲೇ ರಿಜಿಸ್ಟರ್ ಪೂರಾ ತಿರುವಿ ನೋಡೀನಿ. ನಿಮ್ಮ ಅರ್ಜಿ ನಮಗ ಬಂದೇ ಇಲ್ಲ. ಬಂದಿದ್ರ ನಾನೇ ಪೆಟ್ಟಿಗಿ ಹೊತ್ತು ತರ್ತಿದ್ದೆ."

"ನಮ್ಮಮ್ಮ ಸುಳ್ಳು ಹೇಳ್ತಾಳಾ?"

ಅವರು ಒಳಗೆ, ಅಡುಗೆಮನೆಯ ಪರದೆಯ ಕಡೆ ನೋಡಿದರು. ನಾನು ಪರದೆಯ ಹಿಂದೆ ನಿಂತಿದ್ದೆ. ನನ್ನ ಕಾಲು ಅವರಿಗೆ ಕಾಣುತ್ತಿತ್ತು. ಆಮೇಲೆ "ಇರಲಿ ಬಿಡು ತಮ್ಮಾ, ಕಳೆದುಹೋಗಿರಬೇಕು. ತಪ್ಪು ನಮ್ಮದೇ" ಎಂದು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದರು. ಅವರಿಗೆ ಗೊತ್ತಾಗಿತ್ತು ಎಂದೇ ನನಗೆ ಅನ್ನಿಸುತ್ತದೆ. ಒಂದು ಲೋಟ ನೀರನ್ನೂ ಕುಡಿಯದೆ ಹೋದರು.

ಅರ್ಜಿ ನನ್ನ ಕಬ್ಬಿಣದ ಟ್ರಂಕಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಇದೆ. ಇಂಗ್ಲಿಷಿನದು, ನನಗೆ ಓದಲು ಬರುವುದಿಲ್ಲ. ಕೊನೆಯ ಸಹಿ ಮಾತ್ರ ಗುರುತು ಸಿಗುತ್ತದೆ, ಅದೂ ನಡುಗಿದೆ. ನೀವು ಓದಿಕೊಳ್ಳಿ. ಪ್ರಬಂಧದಲ್ಲಿ ಆಫೀಸಿನ ಮೇಲೆ ಬರೆದದ್ದನ್ನು ಹೊಡೆದು ಹಾಕಿ.

ನಿಮ್ಮ ಅಪ್ಪನಿಗೆ ಇದನ್ನು ನಾನೇ ಬಾಯಲ್ಲಿ ಹೇಳಬೇಕು. ಅವನು ಮುಂದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಎಷ್ಟೋ ಸಲ ಹೋಗಿ ಎದುರು ನಿಂತಿದ್ದೇನೆ. ಇವತ್ತು ಬೆಳಿಗ್ಗೆಯೂ ನಿಂತೆ. "ಏನಮ್ಮಾ?" ಎಂದ. "ಕಾಫಿ ಬೇಕೇನೋ?" ಎಂದು ಕೇಳಿದೆ. ಬೇಕು ಎಂದ. ಒಳಗೆ ಬಂದು ಹಾಲು ಕಾಯಿಸಲು ಇಟ್ಟೆ.