ನಿಷ್ಠೆಗೆ ಮೂವತ್ತು ಅಂಕ

ಅಮೆರಿಕದ ಫುಟ್‌ಬಾಲ್‌ನಲ್ಲಿ ಕಾಲಿಗೆ ಕೆಲಸ ಕಡಿಮೆ. ಒಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾನೆ, ಮಿಕ್ಕವರು ಮೇಲೆ ಬಿದ್ದು ಕೆಡವುತ್ತಾರೆ. ಇದೂ ಒಂದು ಆಟವೇ ಎಂದು ಹತ್ತು ವರ್ಷ ಮೂಗು ಮುರಿದವನು ನಾನು. ಮಗಳು ಆರನೇ ಕ್ಲಾಸಿನಲ್ಲಿ ಈ ಹುಚ್ಚು ಹಿಡಿಸಿಕೊಂಡಳು. ಅವಳ ಪಕ್ಕ ಸೋಫಾದಲ್ಲಿ ಕೂರುವ ಆಸೆಗೆ ನನಗೂ ಹಿಡಿಯಿತು.

ನಮ್ಮ ತಂಡ ಪಶ್ಚಿಮ ಕರಾವಳಿಯ ಒಂದು ಕಾಲೇಜಿನದು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಆಫೀಸಿನಲ್ಲಿ ಅರ್ಧ ಜನ ಮಾತು ಬಿಡುತ್ತಾರೆ. ಇಲ್ಲಿ ಕಾಲೇಜು ತಂಡಗಳು ಕೂಟ ಕಟ್ಟಿಕೊಂಡು ತಮ್ಮತಮ್ಮಲ್ಲೇ ಆಡುತ್ತವೆ. ಅದಕ್ಕೆ ಕಾನ್ಫರೆನ್ಸ್ ಎನ್ನುತ್ತಾರೆ. ಅಕ್ಕಪಕ್ಕದ ಊರುಗಳ ನಮ್ಮ ಹಳೆಯ ಕೂಟ, ಟಿವಿಯವರು ತೋರಿಸಿದ ದುಡ್ಡಿನ ಆಸೆಗೆ ಮುರಿದುಬಿತ್ತು. ನಮ್ಮ ತಂಡ ದೇಶದ ಆ ಕಡೆಯ ಕೂಟಕ್ಕೆ ಸೇರಿಕೊಂಡಿತು. ಮೈಸೂರಿನವರು ಮಂಡ್ಯದವರನ್ನು ಬಿಟ್ಟು ಗುವಾಹಟಿಗೆ ಹೋಗಿ ಆಡಿದ ಹಾಗೆ. ಆಟ ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದರೆ ನಮಗೆ ಸಿಯಾಟಲ್ ಪಕ್ಕದ ಈಸ್ಟ್‌ಗೇಟ್‌ನಲ್ಲಿ ಬೆಳಿಗ್ಗೆ ಒಂಬತ್ತು. ಹಾಗಾಗಿ ಶನಿವಾರದ ದೋಸೆ ಹೊಯ್ಯುವ ಕೆಲಸ ನನ್ನ ಪಾಲಿಗೆ ಬಂತು, ಅದೂ ಜಾಹೀರಾತು ಬಂದಾಗ ಮಾತ್ರ.

ಮಗಳು ಹನ್ನೊಂದನೇ ಕ್ಲಾಸಿನಲ್ಲಿದ್ದ ಚಳಿಗಾಲ ನಮ್ಮ ಕೋಚ್ ಕೈಕೊಟ್ಟ. ಇನ್ನೊಂದು ಕೂಟದ ದೊಡ್ಡ ತಂಡವೊಂದು ಕರೆಯಿತು, ಹೊರಟೇಬಿಟ್ಟ. ಆಟಗಾರರಿಗೆ ಸುದ್ದಿ ಗೊತ್ತಾದದ್ದು ಅವರವರ ಫೋನಿನಲ್ಲಿ. ನನಗೆ ಮೈಯೆಲ್ಲ ಉರಿಯಿತು. "ಉಂಡ ಮನೆಗೆ ಎರಡು ಬಗೆಯೋ ಜಾತಿ ಇದು! ಆ ಹುಡುಗರ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ವಾ ಇವನಿಗೆ?" ಎಂದು ಟಿವಿಗೆ ಬೈದೆ.

ಮಗಳು ತಣ್ಣಗೆ ಕೂತಿದ್ದಳು. ಅವಳು ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. ಕನ್ನಡ ಮಾಡುವ ಕೆಲಸ ನನ್ನದು. "ಅಪ್ಪಾ, ಅದು ಬೆಟರ್ ಜಾಬ್. ಯಾರಾದ್ರೂ ಹೋಗ್ತಾರೆ."

"ಬೆಟರ್ ಅಂತ ಯಾರು ಹೇಳಿದ್ದು? ದೂರದ ಬೆಟ್ಟ ನುಣ್ಣಗೆ."

ಇಬ್ಬರೂ ಸೋಲುವ ಪೈಕಿ ಅಲ್ಲ. ಸಾಫ್ಟ್‌ವೇರಿನವರ ಮನೆಯಲ್ಲಿ ಜಗಳ ತೀರುವುದು ಸ್ಪ್ರೆಡ್‌ಶೀಟಿನಲ್ಲಿ. ನಾವು ಈ ಮನೆ ಕೊಂಡದ್ದು, ಕಾರು ಆರಿಸಿದ್ದು, ಕೊನೆಗೆ ಮಿಕ್ಸಿ ತಂದದ್ದೂ ಅಂಕ ಹಾಕಿಯೇ. ಒಂದು ಶೀಟ್ ತೆರೆದು ಮಗಳಿಗೂ ಶೇರ್ ಮಾಡಿದೆ. ನಮ್ಮ ಕೋಚ್ ಕೆಲಸ ಒಂದು ಸಾಲು, ಅವನು ಹೋದ ಕೆಲಸ ಇನ್ನೊಂದು. ಸುತ್ತಮುತ್ತ ಒಳ್ಳೆಯ ಹುಡುಗರು ಸಿಗುತ್ತಾರಾ? ಅಭಿಮಾನಿಗಳಿಗೆ ತಾಳ್ಮೆ ಎಷ್ಟು? ಹೊಸ ಕೂಟದಲ್ಲಿ ಗೆಲ್ಲುವ ದಾರಿ ಇದೆಯಾ? ಐದೈದು ಗಂಟೆ ವಿಮಾನದಲ್ಲಿ ಹೋಗಿ ಆಡಿದರೆ ಹುಡುಗರ ಸೊಂಟ ಉಳಿಯುತ್ತದಾ? ಸಂಬಳದ ಕಾಲಂ ಇಡಲಿಲ್ಲ, ಆ ಅಂಕಿ ನೋಡಿದರೆ ನನಗೇ ಹೊಟ್ಟೆಕಿಚ್ಚು.

ಅಲ್ಲಿ ಎರಡು ಪಂದ್ಯ ಸೋತರೆ ಕೋಚ್‌ನನ್ನು ಊರಲ್ಲಿ ಓಡಾಡಲು ಬಿಡುವುದಿಲ್ಲ ಎಂದು ತಾಳ್ಮೆಗೆ ಸೊನ್ನೆ ಕೊಟ್ಟೆ. ಆದರೂ ಆ ಕೆಲಸವೇ ಗೆಲ್ಲುತ್ತಿತ್ತು. ಆಗ ನಾನು 'ನಿಷ್ಠೆ' ಎಂದು ಹೊಸ ಕಾಲಂ ಸೇರಿಸಿದೆ, ಮೂವತ್ತು ಅಂಕಕ್ಕೆ. ಉಳಿದರೆ ಮೂವತ್ತು, ಹೋದರೆ ಸೊನ್ನೆ. ನಮ್ಮ ತಂಡ ಗೆದ್ದಿತು.

"ಇದು ಚೀಟಿಂಗ್" ಎಂದಳು ಮಗಳು.

ಒಂದು ತಿಂಗಳು ಕಳೆದಿರಬಹುದು. ನನಗೇ ಒಂದು ಕರೆ ಬಂತು. ದೇಶದ ನಡುಮಧ್ಯದ ಒಂದು ಊರಿನ ಕಂಪನಿ. ದೊಡ್ಡ ಹುದ್ದೆ, ನನ್ನದೇ ತಂಡ. ಪಕ್ಕದ ಊರು ಬಾಥೆಲ್‌ನ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿಗೂ ಆ ಊರಿನ ಶಾಖೆಗೆ ವರ್ಗವಾಗಬಹುದಿತ್ತು. ಕಷ್ಟ ಒಂದೇ: ಬೇಸಿಗೆಯೊಳಗೆ ಹೋಗಬೇಕು. ಮಗಳಿಗೆ ಹೈಸ್ಕೂಲಿನ ಕೊನೆಯ ವರ್ಷ ಬಾಕಿ ಇತ್ತು.

"ಅವಳಿಗೆ ನೀನೇ ಹೇಳು. ನಾನಂತೂ ಹೇಳಲ್ಲ" ಎಂದಳು ಹೆಂಡತಿ.

ಹೇಳುತ್ತೇನೆ ಎಂದೆ. ನಾಳೆ, ಪರೀಕ್ಷೆ ಮುಗಿಯಲಿ, ಈ ವಾರ ಬೇಡ. ನಿಜ ಹೇಳಬೇಕೆಂದರೆ ಹೆದರಿಕೆ. ಅಷ್ಟರಲ್ಲಿ ಲೆಕ್ಕ ಹಾಕಿ ನೋಡೋಣವೆಂದು, ಫಾರ್ಮುಲಾಗಳೆಲ್ಲ ಸಿದ್ಧವಾಗಿರುವ ಶೀಟ್ ಇದೆಯಲ್ಲ ಎಂದು, ಕೋಚ್ ಶೀಟಿನ ಪಕ್ಕದಲ್ಲೇ ಅದರದೊಂದು ಪ್ರತಿ ಮಾಡಿಕೊಂಡೆ. ಮೇಲಿನ ಸಾಲಿಗೆ ಈಗಿನ ಕೆಲಸ, ಕೆಳಗಿನದಕ್ಕೆ ಹೊಸದು. ಬೇಡದ ಕಾಲಂ ತೆಗೆದೆ, ಬೇಕಾದ್ದು ಹಾಕಿದೆ. ಶೀಟ್ ಮಗಳಿಗೂ ಶೇರ್ ಆಗಿದೆ ಎಂಬುದು ಮಾತ್ರ ನೆನಪಿಗೆ ಬರಲಿಲ್ಲ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಮಾಡಿದವನ ಬುದ್ಧಿ ಇದು.

ಭಾನುವಾರ ಮಧ್ಯಾಹ್ನ ಮಗಳು ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಬಂದಳು. ಹೊಸ ಕೋಚ್‌ಗೆ ಅಂಕ ಹಾಕಲು ಶೀಟ್ ತೆರೆದಿದ್ದಳಂತೆ. ಅಳುತ್ತಿರಲಿಲ್ಲ, ಅದೇ ಕಷ್ಟವಾಗಿದ್ದು.

"ಅಪ್ಪಾ, ನಿನ್ನ ಶೀಟಲ್ಲಿ ನಿಷ್ಠೆ ಕಾಲಂ ಎಲ್ಲಿ?"

ನಾನು ಮೊದಲು ತೆಗೆದದ್ದೇ ಅದನ್ನು. ಕೆಲಸಕ್ಕೆ ಸಂಬಂಧವಿಲ್ಲ ಎಂದುಕೊಂಡು ತೆಗೆದಿದ್ದೆ, ಆ ಕ್ಷಣದವರೆಗೂ ಅದರ ಅರ್ಥ ನನಗೆ ಹೊಳೆದಿರಲಿಲ್ಲ. "ಹೇಳೋದು ಶಾಸ್ತ್ರ, ಹಾಕೋದು ಗಾಳ" ಎಂದು ಹೆಂಡತಿ ಸಿಂಕಿನ ಹತ್ತಿರದಿಂದ ತನ್ನ ಪಾಲು ಸೇರಿಸಿದಳು.

"ಹೋಗೋದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ" ಎಂದಳು ಮಗಳು. "ಕೋಚ್‌ನ ನೀನು ಬೈದಿದ್ದು ಯಾತಕ್ಕೆ? ಹುಡುಗರು ಫೋನಲ್ಲಿ ನೋಡಿ ತಿಳ್ಕೊಂಡ್ರು ಅಂತ. ನಾನು ಶೀಟಲ್ಲಿ ನೋಡಿ ತಿಳ್ಕೊಂಡೆ."

ಅಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ. ತಪ್ಪಾಯಿತು ಎಂದೆ. ಮೂವರೂ ಊಟದ ಮೇಜಿನ ಸುತ್ತ ಕೂತೆವು, ಮಾತು ಸಂಜೆಯವರೆಗೆ ನಡೆಯಿತು. ಇನ್ನೊಂದು ವರ್ಷ ಇಲ್ಲೇ ಇರೋಣ, ಗೆಳತಿಯರ ಜೊತೆ ಹೈಸ್ಕೂಲು ಮುಗಿಸಿಬಿಡುತ್ತೇನೆ ಎಂದು ಮಗಳು ಕೇಳಿಕೊಂಡಳು. ಒಂದು ವರ್ಷ ಕಾಯುತ್ತೀರಾ ಎಂದು ಕಂಪನಿಯನ್ನು ಕೇಳಿದೆ. ಅವರು ಕಾಯಲಿಲ್ಲ, ನಾನು ಹೋಗಲಿಲ್ಲ. ಸ್ವಲ್ಪ ದಿನ ಹೊಟ್ಟೆ ಉರಿಯಿತು, ಸುಳ್ಳೇಕೆ.

ಸೆಪ್ಟೆಂಬರ್ ಬಂತು. ಹೊಸ ಕೋಚ್, ಬೆಳಗಿನ ಆಟ. ಎರಡನೇ ದೋಸೆ ಕಾವಲಿಯ ಮೇಲಿದ್ದಾಗ ಮಗಳು ಟಿವಿಯ ಸದ್ದು ನಿಲ್ಲಿಸಿ ಒಳಗೆ ಬಂದಳು. ನಮ್ಮ ತಂಡದ ಕೈಗೆ ಚೆಂಡು ಬಂದಿದ್ದಾಗ ಅವಳು ಹಾಗೆ ಎದ್ದು ಬಂದದ್ದೇ ಇಲ್ಲ.

"ಅಪ್ಪಾ, ಒಲೆ ಆರಿಸು. ಕೂತ್ಕೋ. ಒಂದು ವಿಷಯ ಹೇಳ್ಬೇಕು."

ಕೂತೆ. ಎದುರಿಗೆ ಕುರ್ಚಿ ಎಳೆದುಕೊಂಡು, ನನ್ನ ಮುಖವನ್ನೇ ನೋಡುತ್ತಾ ಹೇಳಿದಳು. ಅವಳಿಗೆ ಎಲ್ಲಕ್ಕಿಂತ ಹಿಡಿಸಿರುವ ಕಾಲೇಜು ಇಲ್ಲಿಯದಲ್ಲ, ದೇಶದ ನಡುಮಧ್ಯದ ಆ ಊರಿನದು. ನಾನು ಬಿಟ್ಟುಕೊಟ್ಟ ಕೆಲಸದ ಊರೇ. ಆ ಚಳಿಗಾಲ ನನ್ನ ಶೀಟಿನಲ್ಲಿ ಊರಿನ ಹೆಸರು ನೋಡಿದ ಮೇಲೆಯೇ ಅಲ್ಲಿನ ಕಾಲೇಜನ್ನು ಹುಡುಕಿದಳಂತೆ.

ನಗು ಬಂತು. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಅದೇ ಶೀಟಿನಲ್ಲಿ ಅವಳ ಕಾಲೇಜುಗಳು, ಸಾಲಾಗಿ. ಸಿಯಾಟಲ್‌ನದು ಮೊದಲು, ಆ ಊರಿನದು ಎರಡನೆಯದು, ಎರಡಕ್ಕೂ ನಡುವೆ ಹನ್ನೊಂದೇ ಅಂಕ. ಕೊನೆಯಲ್ಲಿ ನಿಷ್ಠೆಯ ಕಾಲಂ, ಮೂವತ್ತಕ್ಕೆ, ಖಾಲಿ.

"ಅದನ್ನ ನೀನು ತುಂಬು" ಎಂದಳು.

ಸಿಯಾಟಲ್ ಎದುರಿಗೆ ಮೂವತ್ತು ಹಾಕಲು ಕೈ ತುರಿಸಿತು. ಶೀಟ್ ಮಾಡಿದವನು ನಾನೇ ತಾನೇ, ಉಳಿದರೆ ಮೂವತ್ತು, ಹೋದರೆ ಸೊನ್ನೆ. ಆದರೆ ಇವಳು ನನ್ನನ್ನು ಕೂರಿಸಿ, ಮುಖ ನೋಡಿ ಹೇಳಿದ್ದಳು. ಎರಡೂ ಸಾಲಿಗೆ ಮೂವತ್ತು ಮೂವತ್ತು ಹಾಕಿದೆ. ಸಿಯಾಟಲ್ ಆಗಲೂ ಮುಂದೆಯೇ ಇತ್ತು. ಆಮೇಲೆ ಸಿಯಾಟಲ್‌ನದನ್ನು ಅಳಿಸಿ ಹದಿನೆಂಟು ಮಾಡಿದೆ. ಆ ಊರಿನ ಕಾಲೇಜು ಒಂದೇ ಅಂಕದಿಂದ ಮೇಲೆ ಬಂತು.

"ಇದು ಚೀಟಿಂಗ್" ಎಂದಳು ಮಗಳು, ಈ ಸಲ ನನ್ನ ಹೆಗಲಿಗೆ ಒರಗಿಕೊಂಡು.