ಕೋಲ್ಮನ್ ಟಾಲ್ಟಿಯ ಹೆಗಲು

ಅಣ್ಣ ಸತ್ತ ಸುದ್ದಿ ಕೋಲ್ಮನ್ ಟಾಲ್ಟಿಗೆ ಗೊತ್ತಾದದ್ದು ರೇಡಿಯೊದಿಂದ. ಬೆಳಗಿನ ವಾರ್ತೆ ಮುಗಿದ ಮೇಲೆ ಕ್ಲೇರ್ ಸೀಮೆಯಲ್ಲಿ ಯಾರ್ಯಾರು ಹೋದರೆಂದು ಓದುತ್ತಾರೆ. ಜನ ವಾರ್ತೆಗಿಂತ ಇದನ್ನೇ ಹೆಚ್ಚು ನಂಬುತ್ತಾರೆ, ಇದರಲ್ಲಿ ಸುಳ್ಳಿರುವುದಿಲ್ಲವಲ್ಲ. ‘ಸೆನನ್ ಟಾಲ್ಟಿ, ಕಿಲ್ಕೀ. ಮಂಗಳವಾರ ಎರಡರಿಂದ ದರ್ಶನ, ಮೂರೂವರೆಗೆ ಚರ್ಚಿಗೆ. ಬುಧವಾರ ಹನ್ನೊಂದಕ್ಕೆ ಮಣ್ಣು.’ ಬಾಯಲ್ಲಿದ್ದ ಟೋಸ್ಟನ್ನು ಕೋಲ್ಮನ್ ಹಾಗೇ ಅಗಿದು ಮುಗಿಸಿದ. ಸಮುದ್ರತೀರದಲ್ಲಿ ಹುಟ್ಟಿದವನು ಆ ತೀರದಲ್ಲೇ ತೀರಿಕೊಂಡಿದ್ದ. ತಮ್ಮನಿಗೆ ಒಂದು ಫೋನೂ ಇಲ್ಲ.

ಇರುವುದಾದರೂ ಹೇಗೆ? ಹನ್ನೊಂದು ವರ್ಷದ ಹಿಂದೆ ತಾಯಿಯ ಮಣ್ಣಿನ ದಿನ, ಲಿಮರಿಕ್‌ನಲ್ಲಿ ಪ್ರವಾಸಿ ಬಸ್ಸು ಓಡಿಸುತ್ತಿದ್ದ ಕೋಲ್ಮನ್, ಕಡಲ ಬಂಡೆಗಳ ಮೇಲೆ ಫೋಟೊ ತೆಗೆಯುತ್ತಿದ್ದ ಗುಂಪೊಂದನ್ನು ಎಬ್ಬಿಸಿ ತರುವಷ್ಟರಲ್ಲಿ ಪೆಟ್ಟಿಗೆ ಸ್ಮಶಾನ ಮುಟ್ಟಿತ್ತು. ಕಿರಿಯ ಮಗ ಹೆಗಲು ಕೊಡಬೇಕಾದ ಜಾಗದಲ್ಲಿ ಪಕ್ಕದ ಮನೆಯ ಫ್ರ್ಯಾನ್ಸಿ ನಿಂತಿದ್ದ. “ಅಮ್ಮನಿಗಿಂತ ಬಸ್ಸೇ ಹೆಚ್ಚಾಯ್ತೇನೋ ನಿಂಗೆ?” ಎಂದು ಸೆನನ್ ಎಲ್ಲರೆದುರು ಕೇಳಿದ. ಅಣ್ಣತಮ್ಮಂದಿರ ನಡುವಿನ ಕೊನೆಯ ಮಾತು ಅದು.

ಈ ಸಲ ಹೆಗಲು ತಪ್ಪಬಾರದು. ಕೇಳಿದ್ದರೆ ರಜೆ ಸಿಗುತ್ತಿತ್ತು. ಆದರೆ ಸ್ವಂತ ಅಣ್ಣನ ಸಾವನ್ನು ರೇಡಿಯೊ ಹೇಳಿತು ಎಂದು ಆಫೀಸಿನಲ್ಲಿ ಯಾವ ಬಾಯಲ್ಲಿ ಹೇಳುವುದು? ಮಂಗಳವಾರದ ಕಿಲ್ಕೀ ಪ್ರವಾಸ ಬೇರೊಬ್ಬನ ಪಾಳಿ. ಏನೋ ಸಬೂಬು ಹೇಳಿ ಬದಲಾಯಿಸಿಕೊಂಡ. ಕೋಲ್ಮನ್ ಚಾಲಕನೇ ಹೊರತು ಚಾಲಾಕಿಯಲ್ಲ. ಚಾಲಾಕಿಯಾಗಿದ್ದರೆ ಸಾವಿಗೆ ಹೋಗುವಾಗ ನಲವತ್ತೊಂದು ಜನರನ್ನು ಜೊತೆಗೆ ಒಯ್ಯುತ್ತಿರಲಿಲ್ಲ.

ಅಕ್ಟೋಬರಿನ ಕಿಲ್ಕೀಯಲ್ಲಿ ಐಸ್‌ಕ್ರೀಮ್ ಅಂಗಡಿಗೆ ಹಲಗೆ ಬಡಿದಾಗಿತ್ತು. ಆಕಾಶ, ಕಡಲು ಎರಡೂ ಪಾತ್ರೆ ತೊಳೆದ ನೀರಿನ ಬಣ್ಣ. ಬಸ್ಸು ನಿಲ್ಲಿಸಿ ಕೋಲ್ಮನ್ ಮೈಕು ಹಿಡಿದ.

“ಸರಿಯಾಗಿ ನಾಲ್ಕಕ್ಕೆ ಹೊರಡಬೇಕು. ನಿಮ್ಮಲ್ಲಿ ಅರ್ಧ ಜನಕ್ಕೆ ಲಿಮರಿಕ್‌ನಲ್ಲಿ ರೈಲಿದೆ. ತಿನ್ನೋಕೆ ಎಲ್ಲಿ ಚೆನ್ನಾಗಿರುತ್ತೆ ಅಂತ ನನ್ನ ಕೇಳ್ಬೇಡಿ. ಊರಿನೋರು ಎಲ್ಲಿ ಸಾಲು ನಿಂತಿರ್ತಾರೋ ಅಲ್ಲಿ ನಿಂತ್ಬಿಡಿ, ಮೋಸ ಆಗಲ್ಲ.”

ವರ್ಷಗಟ್ಟಲೆ ಹೇಳಿದ ಜೋಕು. ನಾಲಿಗೆ ತಾನಾಗಿ ಹೇಳಿಬಿಟ್ಟಿತು. ಬೇಸಿಗೆಯಲ್ಲಾದರೆ ಸಾಲು ಕರಿದ ಮೀನಿನ ಅಂಗಡಿಯ ಮುಂದಿರುತ್ತದೆ. ಆ ದಿನ ಊರಿಗೆಲ್ಲ ಇದ್ದದ್ದು ಒಂದೇ ಸಾಲು.

ಶವ ದರ್ಶನಕ್ಕಿಡುವ ಊರಿನ ಸಭಾಂಗಣದಲ್ಲಿ, ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಮನೆಯವರು ಕೂತಿದ್ದರು. ಅಲ್ಲಿ ಕೂರಬೇಕಾದ ಕೋಲ್ಮನ್ ಊರವರ ಸಾಲಿನಲ್ಲಿ ನಿಂತು, ಊರವರ ಹಾಗೇ ಅಣ್ಣನ ಹೆಂಡತಿ ಡಿಂಪ್ನಾಳ ಕೈ ಹಿಡಿದು, “ನಿಮ್ಮ ಕಷ್ಟ ಕೇಳಿ ಸಂಕಟ ಆಯ್ತು” ಎಂದ.

ಅವಳು ಕೈ ಬಿಡಲಿಲ್ಲ. “ಬಂದ್ಯಾ?”

“ಬಂದೆ.”

“ಟೈ ಮೇಲೆ ಬಸ್ಸಿದೆಯಲ್ಲೋ.”

“ಕಂಪನಿ ಟೈ. ಕೆಲಸದ ಮೇಲಿದೀನಿ.”

“ಗೊತ್ತಾಯ್ತು ಬಿಡು.” ಅವಳು ದನಿ ತಗ್ಗಿಸಿದಳು. “ಹೊರೋಕೆ ಆರು ಜನ ಆಗಿದಾರೆ. ನಮ್ಮನೆ ಗೇಟ್ ಹತ್ರ ಹೆಗಲು ಬದಲಿಸ್ತಾರೆ. ಅಲ್ಲಿಂದ ಚರ್ಚಿನವರೆಗೂ ನೀನು. ಸೆನನ್ನೇ ಹೇಳಿ ಹೋದ.”

ಕೋಲ್ಮನ್ ಗಡಿಯಾರ ನೋಡಿದ. ಮೂರೂವರೆಗೆ ಹೊರಟರೆ ಮೂರೂಮುಕ್ಕಾಲಿಗೆ ಗೇಟು. ಆಮೇಲೆ ಚರ್ಚು ದೂರವಿಲ್ಲ. ಆಗುತ್ತದೆ. ಕಣ್ಣೊರೆಸಿಕೊಂಡು ತಿರುಗಿದರೆ, ಹಿಂದೆ ಮೊದಲ ಸೀಟಿನಲ್ಲಿ ಬಂದ, ಕೆಂಪು ರೇನ್‌ಕೋಟಿನ ಮಿಸೆಸ್ ಲಿಂಡ್‌ಕ್ವಿಸ್ಟ್. ಅವಳ ಹಿಂದೆ ಬಾಗಿಲಾಚೆಯವರೆಗೂ ಅವನ ಬಸ್ಸಿಗೆ ಬಸ್ಸೇ.

ಇದು ತಿಂಡಿಯ ಸಾಲಲ್ಲವೆಂದು ಪೆಟ್ಟಿಗೆ ಕಣ್ಣಿಗೆ ಬಿದ್ದಾಗ ಅವರಿಗೂ ಅರಿವಾಗಿತ್ತು. ಆದರೆ ಸತ್ತವರ ಮುಂದಿನಿಂದ ಬೆನ್ನು ತಿರುಗಿಸಿ ಓಡುವುದಕ್ಕೆ ಯಾರಿಗೂ ಮುಖವಿರಲಿಲ್ಲ. ಒಬ್ಬೊಬ್ಬರೂ ನಿಂತು ಕೈ ಕುಲುಕಿದರು. “ನಿಮ್ಮೂರು ತುಂಬಾ ಚೆನ್ನಾಗಿದೆ” ಎಂದಳು ಮಿಸೆಸ್ ಲಿಂಡ್‌ಕ್ವಿಸ್ಟ್, ಬೇರೇನೂ ತೋಚದೆ.

“ಅವನೂ ಹಾಗೇ ಅಂತಿದ್ದ” ಎಂದಳು ಡಿಂಪ್ನಾ. ಕೈ ಚಾಚಿದವರನ್ನು ವಾಪಸು ಕಳಿಸುವ ಪದ್ಧತಿ ಆ ಊರಿನಲ್ಲಿಲ್ಲ; ಕೊನೆಯವನ ಸರದಿ ಮುಗಿಯುವ ತನಕ ಮುಚ್ಚಳ ಹಾಕುವಂತೆಯೂ ಇಲ್ಲ. ನಲವತ್ತೊಂದನೆಯವನು ಕೈ ಕುಲುಕಿದಾಗ ನಾಲ್ಕಾಗಲು ಐದು ನಿಮಿಷ.

ಗೇಟಿನ ಆಸೆ ಹೋಯಿತು. ಕೋಲ್ಮನ್ ಬಾಗಿಲ ಬಳಿ ಅಣಿಯಾಗುತ್ತಿದ್ದ ಫ್ರ್ಯಾನ್ಸಿಯ ತೋಳು ಹಿಡಿದ.

“ಫ್ರ್ಯಾನ್ಸಿ, ರಸ್ತೆವರೆಗಾದ್ರೂ ನಂಗೆ ಬಿಡು.”

ಫ್ರ್ಯಾನ್ಸಿ ಪಕ್ಕಕ್ಕೆ ಸರಿದ. ಕೋಲ್ಮನ್ ಮೊಣಕಾಲು ಬಗ್ಗಿಸಿ, ಉಸಿರು ಕಟ್ಟಿ, ಪೆಟ್ಟಿಗೆಯಡಿ ಹೆಗಲಿಟ್ಟು ಎದ್ದ. ಆರಡಿ ಎತ್ತರದ, ದೋಣಿಯನ್ನು ಒಬ್ಬನೇ ಮರಳಿಗೆಳೆಯುತ್ತಿದ್ದ ಅಣ್ಣ. ಭಾರವೇ ಇರಲಿಲ್ಲ. ಯಾವ ರೋಗ, ಎಷ್ಟು ತಿಂಗಳು ತಿಂದಿತ್ತು ಅವನನ್ನು? ರೇಡಿಯೊದವರು ಅದನ್ನೆಲ್ಲ ಓದುವುದಿಲ್ಲ. ಹೆಗಲಿಗೆ ಮರದ ಏಣು ಒತ್ತುತ್ತಿದ್ದುದಷ್ಟೇ ತಿಳಿಯುತ್ತಿತ್ತು.

ಇಪ್ಪತ್ತು ಹೆಜ್ಜೆಗೆ ರಸ್ತೆ ಬಂತು. ಫ್ರ್ಯಾನ್ಸಿ ಪಕ್ಕದಲ್ಲೇ ನಡೆದು ಬಂದಿದ್ದ, ಭುಜ ತೂರಿಸಿದ. ಪೆಟ್ಟಿಗೆ ಒಮ್ಮೆ ಓಲಾಡಿ ಸರಿಹೋಯಿತು.

“ನಾಳೆ ಮಣ್ಣಿಗೆ ಬರ್ತೀಯಾ?”

“ಬರ್ತೀನಿ. ನೋಡ್ತೀನಿ... ರಜೆ ಕೇಳ್ಬೇಕು.”

“ಬರಕ್ಕಾಗ್ದಿದ್ರೂ ಚಿಂತೆ ಮಾಡ್ಬೇಡ ಕಣೋ” ಎಂದ ಫ್ರ್ಯಾನ್ಸಿ, ಒಳ್ಳೆಯ ಮನಸ್ಸಿನಿಂದಲೇ. “ನಿನ್ ಜಾಗಕ್ಕೆ ನಾನಿದೀನಲ್ಲ.”