ಮೂಗಿನ ಮಟ್ಟದ ಹೊಗೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಹೊಗೆಯಕ್ಕ ಎಂದೇ ಕರೆಯುತ್ತಿದ್ದರು. ಕಾಡಿಗೆ ಬೆಂಕಿ ಬಿದ್ದಾಗ ಉಪಗ್ರಹದ ಚಿತ್ರ ನೋಡಿ, ಕೆಳಗಿನ ಜನ ಎಂಥ ಗಾಳಿ ಉಸಿರಾಡುತ್ತಿದ್ದಾರೆ ಎಂದು ಅಂದಾಜು ಮಾಡುವುದು ಅವಳ ಕೆಲಸ. ಗಾಳಿ ಅಳೆಯುವ ಯಂತ್ರವಿಲ್ಲದ ಊರುಗಳಿಗೆ ಅವಳ ಅಂದಾಜೇ ಗತಿ.

ಆ ಬೆಳಿಗ್ಗೆ ಅವಳು ಚಿತ್ರ ತೆರೆದಳು. ಬಯಲಿನ ಊರು ದಟ್ಟ ಹೊಗೆಯಡಿ ಕಾಣದಂತಾಗಿತ್ತು. ಅವಳ ಅಕ್ಕ ಇದ್ದದ್ದು ಅಲ್ಲೇ, ಉಬ್ಬಸದ ಗಂಡನ ಜೊತೆ. ಪಕ್ಕದ ಕಣಿವೆಯ ಊರಿನ ಮೇಲೆ ಬರೀ ತೆಳು ಪರದೆ.

ಕಚೇರಿಯ ಸಾಹೇಬರು ಆಗಲೇ ಫೋನ್ ಕೈಗೆತ್ತಿಕೊಂಡಿದ್ದರು. "ಜನರನ್ನ ಹೊರಗೆ ಸಾಗಿಸೋಕೆ ಇರೋದೇ ಎರಡು ಬಸ್ಸು. ಬಯಲಿಗೇ ಕಳಿಸ್ತೀನಿ."

"ಸ್ವಲ್ಪ ತಡೀರಿ ಸರ್. ಉಪಗ್ರಹ ನೋಡೋದು ಮೇಲಿಂದ. ಹೊಗೆ ಆಕಾಶದಲ್ಲಿದ್ಯೋ, ಮೂಗಿನ ಮಟ್ಟದಲ್ಲಿದ್ಯೋ ಚಿತ್ರ ಹೇಳಲ್ಲ."

ಅವಳು ಗಾಳಿಯ ವೇಗ, ತಾಪಮಾನ ಎಲ್ಲ ಸೇರಿಸಿ ಲೆಕ್ಕ ಹಾಕಿದಳು. ಬಯಲಿನ ಹೊಗೆ ಎತ್ತರದಲ್ಲಿ ತೇಲಿಹೋಗುತ್ತಿತ್ತು. ಕಣಿವೆಯಲ್ಲಾದರೋ ತಣ್ಣನೆಯ ಗಾಳಿ ತಳದಲ್ಲಿ ಕೂತು, ಅದರ ಮೇಲೆ ಬಿಸಿಗಾಳಿ ಮುಚ್ಚಳ ಹಾಕಿತ್ತು. ಹೊಗೆಗೆ ಹೊರಹೋಗಲು ದಾರಿಯಿರಲಿಲ್ಲ. ಮತ್ತೆ ಲೆಕ್ಕ ಹಾಕಿದಳು, ಅದೇ ಉತ್ತರ. ಅಕ್ಕನಿಗೆ ಫೋನ್ ಮಾಡಿದಳು.

"ಹೊಗೆ ವಾಸನೆ ಬರ್ತಿದ್ಯಾ ಅಕ್ಕಾ?"

"ವಾಸನೆ ಇಲ್ಲ ಕಣೇ. ಆದ್ರೆ ಸೂರ್ಯ ಕೆಂಡ ಆಗಿದಾನೆ. ನಿನ್ನ ಭಾವ ನನ್ನ ಕೈ ಬಿಡ್ತಿಲ್ಲ. ಬಸ್ಸು ಬರುತ್ತಲ್ವಾ?"

"ಬಸ್ಸು ಕಣಿವೆಗೆ ಹೋಗ್ಬೇಕು. ನೀನು ಕಿಟಕಿ ಹಾಕಿ, ಸಂದಿಗೆಲ್ಲ ಒದ್ದೆ ಬಟ್ಟೆ ತುರುಕು."

"ನಿನ್ನ ಭಾವನ ಜೀವಕ್ಕಿಂತ ನಿನ್ನ ಲೆಕ್ಕ ಹೆಚ್ಚಾಯ್ತಾ?" ಫೋನ್ ಕಟ್ಟಾಯಿತು.

"ಲೆಕ್ಕ ತಪ್ಪಾದ್ರೆ?" ಎಂದರು ಸಾಹೇಬರು.

"ತಪ್ಪಾದ್ರೆ ನಮ್ಮ ಭಾವ ಬಯಲಲ್ಲೇ ಇದಾರೆ ಸರ್."

ಅವರು ಬಸ್ಸುಗಳನ್ನು ಕಣಿವೆಗೆ ತಿರುಗಿಸಿದರು.

ಕಾಯುವುದೆಂದರೆ ಮುಳ್ಳಿನ ಮೇಲೆ ಕೂತಂತೆ. ಕೊನೆಗೆ ಫೋನಿನಲ್ಲಿ ಬಸ್ಸಿನ ಚಾಲಕನ ದನಿ ಕೇಳಿಸಿತು: "ಮೇಡಂ, ಲೈಟ್ ಹಾಕಿದ್ರೂ ರಸ್ತೆ ಕಾಣ್ತಿಲ್ಲ. ಶಾಲೆ ಮಕ್ಕಳೆಲ್ಲ ಕೆಮ್ತಾ ಕೂತಿದಾರೆ. ಹತ್ತಿಸ್ಕೋತಿದೀನಿ."

ಲೆಕ್ಕ ಸರಿಯಾಯಿತೆಂದು ಉಸಿರು ಬಿಡುವಷ್ಟರಲ್ಲಿ ಹೊಸ ಚಿತ್ರದ ಜೊತೆ ಗಾಳಿಯ ಹೊಸ ಅಂಕಿಗಳೂ ಬಂದವು. ಗಾಳಿ ಬಿದ್ದುಹೋಗಿತ್ತು, ಲೆಕ್ಕದ ಪ್ರಕಾರ ಬಯಲಿನ ಹೊಗೆಯೂ ನೆಲಕ್ಕಿಳಿಯುತ್ತಿತ್ತು. "ಮಕ್ಕಳನ್ನ ಇಳಿಸಿದ ತಕ್ಷಣ ಬಯಲಿಗೆ ಓಡಿಸಿ!" ಎಂದು ಚಾಲಕನಿಗೆ ಕೂಗಿ ಹೇಳಿದಳು.

ಸಂಜೆ ಆಸ್ಪತ್ರೆಯಲ್ಲಿ, ಅದೇ ಬಸ್ಸಿನಲ್ಲಿ ಬಂದು ಸೇರಿದ್ದ ಭಾವ ಆಮ್ಲಜನಕದ ಮಾಸ್ಕ್ ಸರಿಸಿ, "ನಿನ್ನಕ್ಕನ ಕೋಪದ ಹೊಗೆಗೆ ಯಾವ ಉಪಗ್ರಹ ಇದೆಯಮ್ಮಾ?" ಎಂದು ಏದುಸಿರಲ್ಲೇ ನಕ್ಕರು. ಅಕ್ಕ ಮಾತ್ರ ಗೋಡೆಯತ್ತ ಮುಖ ಮಾಡಿ ನಿಂತಿದ್ದಳು.

ಹೊಗೆಯಕ್ಕ ಹೊರಡಲು ಎದ್ದಳು. ಬಾಗಿಲ ಬಳಿ ಬಂದಾಗ ಹಿಂದಿನಿಂದ ಅಕ್ಕನ ಮಾತು ಕೇಳಿಸಿತು.

"ನಾಳೆ ಗಾಳಿ ಯಾವ ಕಡೆಗೆ?"